ರಾಷ್ಟ್ರಜಾಲದಲ್ಲಿ ಎಮ್ಮೆ

ಊರಿನ ಪುಟ್ಟ ಬಾನುಲಿ ಕೇಂದ್ರ ದಿಲ್ಲಿಯ ದೊಡ್ಡ ಜಾಲದೊಂದಿಗೆ ಕೈಜೋಡಿಸಿದ ಮೊದಲ ದಿನವೇ ಎಡವಟ್ಟಾಯಿತು. ನಿರೂಪಕಿ ವಾರಿಜಾ ತಪ್ಪು ಸ್ವಿಚ್ಚು ಒತ್ತಿದ್ದರಿಂದ, ಕಳೆದುಹೋದ ಎಮ್ಮೆಯ ಬಗ್ಗೆ ಅವಳು ಓದಿದ ಪ್ರಕಟಣೆ ದೇಶಕ್ಕೆಲ್ಲ ಕೇಳಿಸಿಬಿಟ್ಟಿತು.

"ಕಪ್ಪು ಮೈ, ಬಾಗಿದ ಕೊಂಬು. ಗೌರೀ ಎಂದು ಕರೆದರೆ ತಿರುಗಿ ನೋಡುತ್ತಾಳೆ. ಕಂಡವರು ದಯವಿಟ್ಟು ತಿಳಿಸಿ."

ಎಮ್ಮೆಯ ಒಡತಿ ಎದುರಿಗೇ ಕೂತು, "ಮಗಳಂಗೆ ಸಾಕಿದ್ದೆ ಕಣವ್ವಾ" ಎಂದು ಅಳುತ್ತಿದ್ದಳು. ಅವಳ ಮುಖ ನೋಡುತ್ತಲೇ ವಾರಿಜಾ ಒಂದೊಂದು ಮಾತನ್ನೂ ಎಳೆದೆಳೆದು, ಮನಕರಗುವಂತೆ ಓದಿದ್ದಳು.

ಸ್ವಲ್ಪ ಹೊತ್ತಿಗೆಲ್ಲ ದಿಲ್ಲಿಯಿಂದ ಹಿರಿಯ ಅಧಿಕಾರಿಯ ಫೋನು ಬಂತು. ಆತನಿಗೆ ಕನ್ನಡ ಬಾರದು. ಕೆಲಸ ಹೋಯಿತೆಂದೇ ಹೆದರಿದ ವಾರಿಜಾ ಹರಕು ಹಿಂದಿಯಲ್ಲಿ ಗೋಗರೆದಳು.

"ತಪ್ಪಾಯ್ತು ಸಾರ್, ಇನ್ನೊಂದ್ಸಲ ಹೀಗಾಗಲ್ಲ."

"ಹಾಗನ್ನಬೇಡಿ ಮೇಡಂ! ಕೇಳುಗರು ನಮ್ಮನ್ನು ಬಿಡ್ತಾನೇ ಇಲ್ಲ. ಆ ವಿರಹದ ಕವಿತೆ ಬರೆದವರು ಯಾರು?"