ಬಲಗಡೆಯ ರೇಲಿಂಗ್

"ಅಕ್ಕಾ, ಅಜ್ಜಿಗೆ ಯಾವ ಕೈ ಸರಿಯಿಲ್ಲ?" ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತಿದ್ದ ಬಡಗಿ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆಯುತ್ತಾ ಕೇಳಿದ. "ರೇಲಿಂಗ್ ಒಂದೇ ಕಡೆ ಹಾಕೋದು. ಎರಡೂ ಕಡೆ ಹಾಕಿದ್ರೆ ಸೋಫಾ ಕೆಳಗೆ ಇಳಿಯಲ್ಲ. ಯಜಮಾನ್ರನ್ನ ಕೇಳ್ದೆ. 'ಅಮ್ಮಂಗೆ ಒಂದು ಕೈ ಹಿಡಿತ ಇಲ್ಲ, ಯಾವ್ದು ಅಂತ ನೆನಪಿಲ್ಲ, ನಮ್ಮ ಅತ್ತಿಗೆ ಬಂದಾಗ ಅವ್ರನ್ನ ಕೇಳು' ಅಂದ್ರು."

ಹಿರಿಸೊಸೆ ಮೆಟ್ಟಿಲ ಕಡೆ ತಿರುಗಿದಳು. ಅವಳು ಬಂದದ್ದು ಓರಗಿತ್ತಿಯ ಮನೆಯ ಹೊಸ ಹೋಂ ಥಿಯೇಟರನ್ನು ಹೊಗಳಲು. ಅರ್ಧ ಗಂಟೆಯಿಂದ ಹೊಗಳಿ ಹೊಗಳಿ ದವಡೆ ನೋಯುತ್ತಿತ್ತು. ಹಳೇ ಪೇಪರು, ಮುರುಕು ಸೈಕಲ್ಲು ಬಿದ್ದಿದ್ದ ನೆಲಮಾಳಿಗೆ ಇದೇನಾ ಎನ್ನುವಂತಾಗಿತ್ತು. ಒಂದು ಗೋಡೆಯ ತುಂಬ ಪರದೆ, ಉಳಿದ ಗೋಡೆಗಳಿಗೆ ಸದ್ದು ಹೊರಹೋಗದಂತೆ ಬೂದು ಬಟ್ಟೆ ಹೊದಿಸಿದ ಹಲಗೆ, ಮೂಲೆಯಲ್ಲಿ ಮಕ್ಕಳಿಗೆ ಕೇರಂ ಮೇಜು. ಅವಳ ಮನೆಯ ಟೀವಿ ಫ್ರಿಡ್ಜಿನ ಮೇಲೆ ಕೂತಿತ್ತು. ಎಲ್ಲರೂ ಅದನ್ನು ನೋಡಬೇಕಾದರೆ ಒಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತಿರಬೇಕಿತ್ತು. ಆ ಒಬ್ಬರು ಯಾವಾಗಲೂ ಅವಳೇ.

ಹೊಟ್ಟೆ ಉರಿಯಿತು, ಸುಳ್ಳೇಕೆ. ಬರೀ ಪರದೆಗಾಗಿದ್ದರೆ ಉರಿದು ತಣ್ಣಗಾಗುತ್ತಿತ್ತೇನೋ. ಆದರೆ ಟೀ ತರಲು ಮೇಲೆ ಹೋಗುವ ಮುಂಚೆ ಓರಗಿತ್ತಿ ಒಂದು ದಪ್ಪ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆ ಸರಿಸಿ ತೋರಿಸಿದ್ದಳು. "ಇದು ಅತ್ತೆಗೇ ಅಂತ ತಂದಿದ್ದು ಅಕ್ಕ. ಗುಂಡಿ ಒತ್ತಿದ್ರೆ ಕಾಲು ತಾನಾಗೇ ಮೇಲೆ ಬರುತ್ತೆ. ಭಾನುವಾರ ಬಂದು ಸಿನಿಮಾ ನೋಡ್ಲಿ. ಹಿಡಿಸಿದ್ರೆ ಇಲ್ಲೇ ಇದ್ದುಬಿಡ್ಲಿ. ಪಾಪ, ಹನ್ನೊಂದು ವರ್ಷದಿಂದ ನೀವೊಬ್ರೇ ಸುಧಾರಿಸ್ತಿದೀರಿ."

ಆ 'ಪಾಪ' ಅವಳಿಗೆ ಚುಚ್ಚಿತು. ಹನ್ನೊಂದು ವರ್ಷದಲ್ಲಿ ಅತ್ತೆ ಒಂದು ದಿನವೂ ಅವಳ ಸಾರನ್ನು ಚೆನ್ನಾಗಿದೆ ಎಂದವರಲ್ಲ. ಅವಳೂ ಒಂದು ಮಾತಿಗೆ ಎರಡು ಮಾತು ಕೊಡದೆ ಬಿಟ್ಟವಳಲ್ಲ. ಆದರೂ ಬಲಗೈ ಮಣಿಕಟ್ಟು ಮುರಿದು, ಕೂಡಿದ ಮೇಲೂ ಬೆರಳು ಮಡಚಲು ಬಾರದಾದಾಗಿನಿಂದ, ಎರಡನೇ ಮಹಡಿಯ ಮನೆಯಿಂದ ದಿನಾ ಸಂಜೆ ವಾಕಿಂಗಿಗೆ ಇಳಿಯುವಾಗ ಅತ್ತೆಯ ಎಡಗೈ ಬಂದು ಕೂರುತ್ತಿದ್ದದ್ದು ಇವಳ ತೋಳಿನ ಮೇಲೆ. ಬೇರೆಯವರು ಕೈ ಕೊಟ್ಟರೆ "ನಿನಗೆ ನಡೆಯೋಕೇ ಬರಲ್ಲ" ಎಂದು ಬೈಯುತ್ತಿದ್ದರು. ಈಗ ಒಂದು ಕುರ್ಚಿಗೆ, ಒಂದು ಪರದೆಗೆ ಆ ಕೈಯನ್ನು ಬಿಟ್ಟುಕೊಡಬೇಕೆ?

"ಎಡಗೈ ಸರಿಯಿಲ್ಲ," ಎಂದಳು. "ಬಲಗಡೆಗೇ ಹಾಕು."

"ಇಳಿಯುವಾಗ ಬಲಗಡೆ ತಾನೇ? ಒಂದ್ಸಲ ಗೋಡೆ ಕೊರೆದ್ರೆ ಮುಗೀತು ನೋಡಿ."

"ಇಳಿಯುವಾಗಲೇ," ಎಂದವಳು, ಟೀ ಬರುವವರೆಗೂ ಅವನ ಮುಖ ನೋಡದೆ ಕೇರಂ ಕಾಯಿಗಳನ್ನು ಜೋಡಿಸುತ್ತಾ ಕೂತಳು. ಅತ್ತೆ ಬೀಳಲಿ ಎಂದಲ್ಲ, ಅಷ್ಟು ಕೆಟ್ಟವಳಲ್ಲ ಅವಳು. ಇಳಿಯಲಾಗದೆ ಮೇಲೇ ನಿಂತು ತನ್ನನ್ನು ಕರೆಯಲಿ, ಅದನ್ನು ಓರಗಿತ್ತಿ ಕಣ್ಣಾರೆ ನೋಡಲಿ, ಅಷ್ಟೇ.

ಭಾನುವಾರ ಮಧ್ಯಾಹ್ನ ಅತ್ತೆ, ಹಿರಿಸೊಸೆ ಬಿಟ್ಟು ಉಳಿದವರೆಲ್ಲ ಕೆಳಗೆ ಸೇರಿದ್ದರು. ಸ್ಪೀಕರಿನ ಸದ್ದಿಗೆ ಮೆಟ್ಟಿಲೇ ಅದುರುತ್ತಿತ್ತು. ಅತ್ತೆ ಮೇಲಿನ ಮೆಟ್ಟಿಲಲ್ಲಿ ನಿಂತು, ಪಾಲಿಶ್ ವಾಸನೆ ಹೋಗದ ರೇಲಿಂಗಿನ ಮೇಲೆ ಬಲಗೈ ಇಟ್ಟರು. ಬೆರಳು ಮಡಚಲಿಲ್ಲ.

"ರೇಲಿಂಗ್ ಹಿಡ್ಕೊಂಡು ಬನ್ನಿ ಅತ್ತೆ, ನಿಮಗೋಸ್ಕರಾನೇ ಹಾಕ್ಸಿದ್ದು!" ಓರಗಿತ್ತಿ ಕೆಳಗಿನಿಂದ ಕೂಗಿದಳು.

ಅತ್ತೆ ಕೈ ಹಿಂದೆಗೆದುಕೊಂಡು ತಿರುಗಿ ನೋಡಿದರು. "ಲೇ, ಎಲ್ಲಿ ಸತ್ತೆ? ಬಂದು ಕೈ ಕೊಡು."

ಹಿರಿಸೊಸೆ ಎರಡೇ ಹೆಜ್ಜೆಗೆ ಪಕ್ಕದಲ್ಲಿದ್ದಳು. ಓರಗಿತ್ತಿಯ ಮುಖ ಸಪ್ಪಗಾದದ್ದು ಮೇಲಿನಿಂದಲೇ ಕಂಡಿತು. ಇದಕ್ಕೇ ಕಾದಿದ್ದಳಲ್ಲವೇ, ಹಿಗ್ಗಬೇಕಿತ್ತು. ಆದರೆ ತೋಳಿನ ಮೇಲೆ ಆ ಪರಿಚಿತ ಭಾರ ಬಿದ್ದೊಡನೆ ನಾಚಿಕೆಯಾಯಿತು. ಮೂರನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಬಾಯಿ ತಡೆಯಲಿಲ್ಲ.

"ಅತ್ತೆ, ಬಡಗಿ ನನ್ನನ್ನ ಕೇಳಿದ್ದ. ಬೇಕು ಅಂತಲೇ ತಪ್ಪು ಹೇಳ್ದೆ."

"ಗೊತ್ತು. ಅವನಿಗೆ ಏನೋ ಅನುಮಾನ ಬಂದು, ಕೊರೆಯೋಕೆ ಮುಂಚೆ ನನಗೂ ಫೋನ್ ಮಾಡಿದ್ದ. ನಾನೂ ಬಲಗಡೆ ಅಂತಲೇ ಹೇಳ್ದೆ."

ಅವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು. "ನೀವ್ಯಾಕೆ?"

"ನಡಿ, ನಡಿ, ಸಿನಿಮಾ ಶುರುವಾಯ್ತು." ಅತ್ತೆ ಅವಳ ತೋಳನ್ನು ಬಿಗಿಯಾಗಿ ಹಿಡಿದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು. ಸ್ಪೀಕರಿನ ಸದ್ದಿನಲ್ಲಿ ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದರು:

"ಇಳಿಯುವಾಗ ಬಲಗಡೆ ಇರೋದು ಹತ್ತುವಾಗ ಎಡಗಡೆ ಬರುತ್ತೆ ಕಣೇ. ಎದ್ದು ನಮ್ಮನೆಗೆ ಹೊರಡೋಕೆ ನನಗೆ ಅಷ್ಟು ಸಾಕು."