ಎಡಗಡೆಯ ಉಸಿರು

"ಮನ್ಯಾಗ ಯಾವ ಮಗ್ಗಲಾಗಿ ಮಲಗತಾರ್ರಿ ಅಕ್ಕಾರ, ನಿಮ್ಮ ಯಜಮಾನ್ರು?" ಶಿವರುದ್ರಪ್ಪನ ಎದೆಯ ಸುತ್ತ ರಬ್ಬರಿನ ಪಟ್ಟಿ ಬಿಗಿಯುತ್ತ ನರ್ಸ್ ಕಾಶವ್ವ ಕೇಳಿದಳು.

"ಬಲಕ್ಕ," ಎಂದುಬಿಟ್ಟಳು ಶಿವಕಾಂತಾ.

ಬರೀ ಬಾಯಿಗೆ ಬಂದ ಮಾತು ಅದು. ಹನ್ನೊಂದು ವರ್ಷದ ಹಿಂದೆ, ಮಗಳ ಹತ್ತನೇ ಇಯತ್ತೆಯ ಪರೀಕ್ಷೆಗೆಂದು ಗಂಡನ ಹಾಸಿಗೆ ಹೊರಕೋಣೆಗೆ ಹೋಗಿತ್ತು. ಪರೀಕ್ಷೆ ಮುಗಿಯಿತು, ಮಗಳ ಮದುವೆಯೂ ಆಯಿತು, ಹಾಸಿಗೆ ಮಾತ್ರ ಮರಳಲಿಲ್ಲ. ಜಗಳವೇನೂ ಇರಲಿಲ್ಲ. ಬೆಳಿಗ್ಗೆ ಒಂದು ಕಪ್ ಚಹಾ, ಆಮೇಲೆ ಅವನು ಕ್ಯಾಂಪ್ ಪೇಟೆಯ ತನ್ನ ಪಾತ್ರೆ ಅಂಗಡಿಗೆ. ಅವನು ಯಾವ ಮಗ್ಗುಲಿಗೆ ಮಲಗುತ್ತಾನೆಂದು ಆ ಕೋಣೆಯ ಗೋಡೆಯನ್ನೇ ಕೇಳಬೇಕಿತ್ತು.

ನ್ಯುಮೋನಿಯಾ ಆಗಿ ವೆಂಟಿಲೇಟರಿಗೆ ಹಾಕಿ ಆರು ದಿನ. ಕಾಶವ್ವ ಪಟ್ಟಿಯ ವಯರು ಸಿಕ್ಕಿಸಿದಳು. ಪರದೆಯ ಮೇಲೆ ಎದೆಯೊಳಗಿನ ಗಾಳಿ ಮೂಡಿತು. ಯಂತ್ರ ಉಸಿರು ತುಂಬಿದಾಗಲೆಲ್ಲ ಬಲ ಶ್ವಾಸಕೋಶ ನೀಲಿಯಾಗಿ ಹೊಳೆಯುತ್ತಿತ್ತು. ಎಡದ್ದು ಕಪ್ಪಗೆ ಬಿದ್ದಿತ್ತು. ನೂರು ಪಾಲು ಗಾಳಿಯಲ್ಲಿ ಬಲಕ್ಕೆ ಎಂಬತ್ತಮೂರು, ಎಡಕ್ಕೆ ಹದಿನೇಳು.

"ಮಾವಶಿ, ಯಂತ್ರದ ಒತ್ತಡ ಇನ್ನು ಹೆಚ್ಚಿಸುವ ಹಾಗಿಲ್ಲ," ಎಂದು ಡಾಕ್ಟರ್ ಸ್ನೇಹಲ್ ಮರಾಠಿಯಲ್ಲಿ ಹೇಳಿದಳು. "ಕೊಟ್ಟ ಗಾಳಿಯೆಲ್ಲ ಬಲಕ್ಕೇ ನುಗ್ಗಿ, ಚೆನ್ನಾಗಿರುವುದೂ ಹರಿದೀತು. ಎಡ ತೆರೆಯಲೇಬೇಕು. ಬಲಮಗ್ಗುಲಿಗೆ ಹೊರಳಿಸಿ ನೋಡೋಣ. ತೆರೆಯದಿದ್ದರೆ..." ಹಾಸಿಗೆಯ ಕಂಬಿ ಇಳಿಸಿದಳು. "ಹೇಗೂ ಅದೇ ಮಗ್ಗುಲು ರೂಢಿಯಂತಲ್ಲ, ಒಳ್ಳೆಯದೇ ಆಯಿತು."

ಶಿವಕಾಂತಾಳಿಗೆ ಆಗ ನೆನಪಾಯಿತು. ದೀಪಾವಳಿಯ ಹೊತ್ತಿಗೆ ಅಟ್ಟದಿಂದ ಹಂಡೆ ಇಳಿಸುವಾಗ ಅವನು ಭುಜ ಹಿಡಿದುಕೊಂಡು ಕೂತಿದ್ದ. ಯಾವ ಭುಜ?

"ತಡೀರಿ ಸಿಸ್ಟರ್. ನಾ ಸುಳ್ಳು ಹೇಳಿದೆ. ನನಗ ಗೊತ್ತಿಲ್ರಿ. ನಾವು... ಬ್ಯಾರೆ ಬ್ಯಾರೆ ಖೋಲ್ಯಾಗ... ಅವರಿಗೆ ಒಂದು ಭುಜಾನೂ ನೋಯತಿತ್ತು, ಯಾವದಂತ ನೆನಪಿಲ್ರಿ."

ಕಾಶವ್ವ ತಲೆ ಎತ್ತಲಿಲ್ಲ. "ನಮ್ಮವರದು ಕೇಳಿದ್ರ ನಾನೂ ಕಣ್ಣು ಕಣ್ಣು ಬಿಡತಿದ್ದೆ ಅಕ್ಕಾರ. ಗೊರಕಿ ತಾಳಲಾರದ ನಾನ ಹೊರಗ ಹಾಕೀನಿ ಅವರನ್ನ." ನಂತರ ದನಿ ತಗ್ಗಿಸಿ, "ಭುಜಕ್ಕ ದಿಂಬು ಕೊಡತೀನಿ. ತ್ರಾಸ ಆದ್ರ ಎದಿಬಡಿತ ಹೇಳತದ. ನಾ ನೋಡಕೋತ ಇರತೀನಿ, ಅಂಜಬ್ಯಾಡ್ರಿ," ಎಂದಳು.

ನಾಲ್ವರು ಸೇರಿ, ಕೊಳವೆಗಳು ಎಳೆಯದಂತೆ ಹಿಡಿದು, ನಿದ್ದೆಯ ಔಷಧಿಯಲ್ಲಿದ್ದ ಆ ದೊಡ್ಡ ಮೈಯನ್ನು ಮೆಲ್ಲಗೆ ಹೊರಳಿಸಿದರು. ಒಂದು ಅಲಾರಂ ಕಿರುಚಿ ಸುಮ್ಮನಾಯಿತು. ಎಡ ಕಪ್ಪಾಗಿಯೇ ಇತ್ತು. ಹದಿನೇಳು. ಹದಿನಾರು. ಡಾಕ್ಟರ್ ಕೈಕಟ್ಟಿ ನಿಂತಳು. ಶಿವಕಾಂತಾ ರೆಪ್ಪೆ ಬಡಿಯದೆ ನೋಡಿದಳು.

ಕಾಲು ಗಂಟೆ ಕಳೆದಿರಬೇಕು. ಬೆನ್ನಿನ ಅಂಚಿನಲ್ಲಿ ಜೋಳದ ಕಾಳಿನಷ್ಟು ನೀಲಿ ಕಂಡಿತು. ಮುಂದಿನ ಉಸಿರಿಗೆ ಅದೂ ಇಲ್ಲ. ಅದರ ಮುಂದಿನದಕ್ಕೆ ಮತ್ತೆ ಬಂತು, ಈ ಸಲ ಹೆಬ್ಬೆರಳಿನಗಲ. ಆಮೇಲೆ, ಬಿಳಿಬಟ್ಟೆಯ ಬಕೀಟಿಗೆ ನೀಲಿ ಹನಿಸಿದ ಹಾಗೆ, ಒಂದೊಂದು ಉಸಿರಿಗೂ ಕಪ್ಪಿನೊಳಗೆ ಎಳೆ ಎಳೆಯಾಗಿ ಹರಡುತ್ತ ಹೋಯಿತು. ಇಪ್ಪತ್ತೆರಡು. ಇಪ್ಪತ್ತೊಂಬತ್ತು. ಮೂವತ್ತಾರು.

"ಹಂಗಾರ ಅದು ಸತ್ತಿರಲಿಲ್ಲೇನ್ರಿ?"

"ಇಲ್ರಿ ಅಕ್ಕಾರ. ಭಾರದ ಕೆಳಗ ಮಡಚಿಕೊಂಡು ಬಿದ್ದಿತ್ತು," ಎಂದಳು ಕಾಶವ್ವ. ಅವಳ ಕಣ್ಣೂ ಪರದೆಯ ಮೇಲೆಯೇ ಇತ್ತು.

ನೋಡಲು ಬಂದವರೆಲ್ಲ ಆರು ದಿನದಿಂದ "ಮಾತಾಡ್ರಿ, ಅವರಿಗೆ ಕೇಳಸ್ತದ" ಎಂದು ಹೇಳಿಹೋಗಿದ್ದರು. ಏನು ಮಾತಾಡಬೇಕೆಂದು ಶಿವಕಾಂತಾಳಿಗೆ ಹೊಳೆದಿರಲಿಲ್ಲ. ಈಗ ಅವಳು ಸ್ಟೂಲಿನಿಂದ ಎದ್ದು, ಹಾಸಿಗೆ ಸುತ್ತಿ ಬಂದು, ಗಂಡನ ಕಿವಿಯ ಹತ್ತಿರ ಬಗ್ಗಿದಳು.

"ಇಷ್ಟೊಂದು ಜಾಗಾ ಇತ್ತೇನ್ರೀ, ನಿಮ್ಮೊಳಗ?"