ಸುಳ್ಳು ಇಂಜಿನ್ನು

ಪರದೆಯ ಮೇಲೆ ಹಳಿ ದಾಟುತ್ತಿದ್ದ ಮನುಷ್ಯ ಇಂಜಿನ್ನಿನಡಿ ಮಾಯವಾದ. ಚಾಲಕನ ಸೀಟಿನಲ್ಲಿದ್ದ ಹುಡುಗಿ ರೆಪ್ಪೆ ಕೂಡ ಬಡಿಯಲಿಲ್ಲ. ಗಾಡಿ ಹೊತ್ತಿಗೆ ಸರಿಯಾಗಿ ನಿಲ್ದಾಣ ಮುಟ್ಟಿತು. ನೂರಕ್ಕೆ ತೊಂಬತ್ತಾರು ಅಂಕ ಬಿತ್ತು.

ರೈಲು ಓಡಿಸಲು ಕಲಿಸುವ ಆ ಯಂತ್ರಕ್ಕೆ ಅಲ್ಲಿ ಎಲ್ಲರೂ ಸುಳ್ಳು ಇಂಜಿನ್ನು ಅನ್ನುತ್ತಿದ್ದರು. ಮೇಷ್ಟ್ರು ಅದರ ಪಕ್ಕದಲ್ಲಿ ಒಂಬತ್ತು ವರ್ಷ ನಿಂತು ಮಂಡಿ ಸವೆಸಿಕೊಂಡಿದ್ದರು. ಇಷ್ಟು ಅಂಕ ಯಾರೂ ತೆಗೆದದ್ದಿಲ್ಲ. ತೆಗೆದವಳು ಸ್ವಂತ ಅಕ್ಕನ ಮಗಳು. ಮನೆಯವರ ಹತ್ತಿರ ಬೈಸಿಕೊಂಡು ಬೈಸಿಕೊಂಡು ವಿಡಿಯೋ ಗೇಮ್ ಆಡಿ ಪಳಗಿದ ಕೈ. ಆಟ ಹೊಟ್ಟೆ ತುಂಬಿಸುತ್ತಾ ಎಂದು ಗೋಳಾಡುತ್ತಿದ್ದ ಅಕ್ಕ, ಇವತ್ತು ಬೆಳಿಗ್ಗೆಯಿಂದ ಮೂರು ಸಲ ಫೋನು ಮಾಡಿದ್ದಳು. ಇವರೊಂದು ಸಹಿ ಹಾಕಿದರೆ ಸೋಮವಾರದಿಂದ ಹುಡುಗಿಯ ಕೈಗೆ ನಿಜವಾದ ಗಾಡಿ.

"ಬ್ರೇಕ್ ಯಾಕಮ್ಮ ಹಾಕಲಿಲ್ಲ?"

"ಅಷ್ಟು ಹತ್ತಿರದಲ್ಲಿ ಹಾಕಿದ್ರೂ ಗಾಡಿ ನಿಲ್ಲಲ್ಲ ಸಾರ್. ಅವನು ಹೇಗಿದ್ರೂ ಹೋಗೋನೇ. ಸುಮ್ನೆ ತಡ ಆಗಿ ಹತ್ತು ಅಂಕ ಹೋಗುತ್ತೆ."

"ಹಾರ್ನಾದ್ರೂ ಹೊಡೀಬಹುದಿತ್ತಲ್ಲ?"

"ಹಾರ್ನ್‌ಗೆ ಅಂಕ ಇಲ್ಲ ಸಾರ್. ಎರಡನೇ ದಿನಾನೇ ನೋಡ್ಕೊಂಡೆ."

ಕೊಬ್ಬಿನ ಮಾತಾಗಿದ್ದರೆ ಗದರಿಸಿ ಮುಗಿಸಬಹುದಿತ್ತು. ಇವಳೋ ಎರಡೂ ಎರಡೂ ನಾಲ್ಕು ಅಂದ ಹಾಗೆ ಅಂದಿದ್ದಳು. ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಸುಸ್ತಾಯಿತು. ಸ್ಟೂಲು ಎಳೆದುಕೊಂಡು ಕೂತರು. ಹೆಂಡತಿಗೂ ಬಾಯಿಬಿಟ್ಟು ಹೇಳದ ಮಾತು ಅವತ್ತು ಹೊರಗೆ ಬಂತು.

"ನಾನು ಗಾಡಿ ಬಿಟ್ಟು ಈ ಕೋಣೆಗೆ ಯಾಕೆ ಬಂದೆ ಗೊತ್ತಾ? ಒಬ್ಬ ಹೀಗೇ ಅಡ್ಡ ಬಂದ. ಬ್ರೇಕ್ ಹಾಕ್ದೆ. ಹಾರ್ನಿಂದ ಕೈ ತೆಗೀಲೇ ಇಲ್ಲ. ತಿರುಗಿ ನನ್ನ ಮುಖ ನೋಡ್ದ."

"ಪಕ್ಕಕ್ಕೆ ಹೋದ್ನಾ?"

"ಇಲ್ಲ."

ಅವಳು ಮೆಲ್ಲಗೆ ಕೇಳಿದಳು: "ಮತ್ತೆ ಹಾರ್ನ್ ಹೊಡೆದು ಏನು ಬಂತು ಮಾಮ?"

ಆ ಕೋಣೆಯಲ್ಲಿ ಅವಳು ಮಾಮ ಅಂದದ್ದು ಅದೇ ಮೊದಲು. ಪ್ರಶ್ನೆಯೇನೂ ಹೊಸದಲ್ಲ, ಒಂಬತ್ತು ವರ್ಷದಿಂದ ತಮ್ಮನ್ನೇ ಕೇಳಿಕೊಂಡು ಅವರಿಗೆ ಸಾಕಾಗಿ ಹೋಗಿತ್ತು.

"ಏನೂ ಬರಲಿಲ್ಲ ಕಣಮ್ಮ. ಹೊಡೀದೆ ಇದ್ದಿದ್ರೆ ಮಾತ್ರ ಅವತ್ತಿಂದ ನನಗೆ ಅನ್ನ ಇಳೀತಿರಲಿಲ್ಲ. ಇನ್ನೊಂದ್ಸಲ ಓಡಿಸು, ನೋಡೋಣ."

ಗಾಡಿ ಹೊರಟಿತು. ಅದೇ ತಿರುವು, ಅದೇ ಮನುಷ್ಯ. ಈ ಸಲ ಅವಳ ಒಂದು ಕೈ ಬ್ರೇಕಿನ ಮೇಲೆ ಬಿತ್ತು, ಇನ್ನೊಂದು ಹಾರ್ನಿನ ಮೇಲೆ. ಕಿವಿ ಕಿತ್ತುಹೋಗುವಂಥ ಸದ್ದು ಕೋಣೆಯನ್ನು ತುಂಬಿತು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, ಸಹಿ ಹಾಕುವ ಮುಂಚೆ ಒಮ್ಮೆ ಅವಳ ಮುಖ ನೋಡಿದರು.

ಹಾರ್ನ್ ಒತ್ತಿ ಹಿಡಿದುಕೊಂಡೇ ಇದ್ದಳು. ನೋಡುತ್ತಿದ್ದದ್ದು ಮಾತ್ರ ಹಳಿಯ ಕಡೆಗಲ್ಲ, ಅವರ ಪೆನ್ನಿನ ಕಡೆಗೆ.